ಬಲಕ್ಕೆ ಕಟ್ಟಿದ ಕನ್ನಡ ಪುಸ್ತಕ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಒಂದು ಮಗ್ಗುಲಲ್ಲಿ ಮಾತ್ರ ಸವೆದಿತ್ತು. ಯಾರೋ ಹರಿತವಾದ ಚಾಕುವಿನಿಂದ ಎಡ ಅಂಚನ್ನು ಓರೆಯಾಗಿ ಒಂದೇ ಸಲ ಕೆತ್ತಿ ತೆಗೆದ ಹಾಗೆ. ಉಳಿದ ಒಂಬತ್ತು ಉಗುರುಗಳನ್ನು ಅವರು ವಾರಕ್ಕೊಮ್ಮೆ ಕತ್ತರಿಸಿಕೊಳ್ಳುತ್ತಿದ್ದರು. ಇದಕ್ಕೆ ಕತ್ತರಿ ತಾಗಿಸುವ ಅಗತ್ಯವೇ ಬರುತ್ತಿರಲಿಲ್ಲ. ಬೆಳೆದಷ್ಟನ್ನೂ ಕಾಗದ ತಿಂದುಬಿಡುತ್ತಿತ್ತು.

ಮಡಿಸಿದ ಕಾಗದವನ್ನು ಒತ್ತಿ ಕೂಡಿಸಲು ಬೈಂಡರುಗಳ ಹತ್ತಿರ ಮೂಳೆಯದೋ ಪ್ಲಾಸ್ಟಿಕ್ಕಿನದೋ ಒಂದು ಪಟ್ಟಿ ಇರುತ್ತದೆ. ನಮ್ಮ ಪ್ರೆಸ್ಸಿನಲ್ಲೂ ಇತ್ತು. ಅವರು ಅದನ್ನು ಮುಟ್ಟುತ್ತಿರಲಿಲ್ಲ. "ಕಾಗದಕ್ಕ ಎಲ್ಲಿ ನೋಯ್ತೈತಿ ಅನ್ನೂದು ಪಟ್ಟಿಗೆ ತಿಳಿಯೂದಿಲ್ಲ ತಂಗಿ," ಅನ್ನುತ್ತಿದ್ದರು.

ಕುವೈತಿನ ಶುವೈಖ್ ಪ್ರದೇಶದ ಗ್ಯಾರೇಜು, ಗೋದಾಮುಗಳ ನಡುವೆ ಇದ್ದ ಆ ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಮಷಿನ್ ನಡೆಸುವ ಈಜಿಪ್ಟಿನವರೂ ಕಾಗದ ಹೊರುವ ಬಾಂಗ್ಲಾದೇಶದವರೂ ಅದು ಅವರ ಹೆಸರೆಂದೇ ತಿಳಿದಿದ್ದರು. ಕಾಕಾ ಗದಗಿನವರು. ಹದಿನಾರನೆಯ ವಯಸ್ಸಿಗೆ ಅಲ್ಲಿನ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಲು ನಿಂತವರು. ಆಮೇಲೆ ಬೈಂಡಿಂಗ್ ಕಲಿತು, ಮೊಳೆಗಳ ಕಾಲ ಮುಗಿದ ಮೇಲೆ ಕುವೈತಿಗೆ ಬಂದರು. ನಾನು ಸೇರುವ ಹೊತ್ತಿಗೆ ಬೈಂಡಿಂಗ್ ವಿಭಾಗಕ್ಕೆ ಅವರೇ ಹಿರಿಯರು. ಆದರೆ ಕೈಕೆಲಸ ಬಹುಮಟ್ಟಿಗೆ ಮುಗಿದುಹೋಗಿತ್ತು. ಮಡಿಸುವುದು, ಹೊಲಿಯುವುದು, ರಟ್ಟು ಹಾಕುವುದು ಎಲ್ಲವನ್ನೂ ಮಷಿನ್ನೇ ಮಾಡುತ್ತಿತ್ತು. ಯಾರದೋ ಮದುವೆಯ ಆಲ್ಬಮ್, ಯಾವುದೋ ದೊಡ್ಡ ಮನೆಗೆ ಬೇಕಾದ ಚರ್ಮದ ಹೊದಿಕೆಯ ಒಂದೆರಡು ಪುಸ್ತಕ, ಇಷ್ಟೇ ಅವರ ಮೇಜಿಗೆ ಬರುತ್ತಿದ್ದದ್ದು. ಉಳಿದಂತೆ ಮಷಿನ್ನಿನಿಂದ ಹೊರಬಂದದ್ದನ್ನು ಮುಟ್ಟಿ ನೋಡಿ ಹೂಂ ಅಥವಾ ಊಹೂಂ ಅನ್ನುವುದು ಅವರ ಕೆಲಸ.

ನನ್ನ ಬಗ್ಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಅಪ್ಪ ಬಾಗಲಕೋಟೆಯವರು, ಇಲ್ಲಿನ ತೈಲ ಘಟಕವೊಂದರಲ್ಲಿ ತಂತ್ರಜ್ಞರು. ನಾನು ಬೆಳೆದದ್ದು ಬ್ನೇದ್ ಅಲ್ ಗಾರಿನ ಬಾಡಿಗೆ ಮನೆಯಲ್ಲಿ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಮರಳಿ ಬಂದು ಈ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಕೆಲಸಕ್ಕೆ ಸೇರಿದೆ. ಪ್ರೂಫ್ ನೋಡುವುದು, ಪ್ರತಿ ಕೆಲಸದ ವಿವರವನ್ನು ಜಾಬ್ ಕಾರ್ಡಿನಲ್ಲಿ ಬರೆದು ಕೆಳಗೆ ಕಳಿಸುವುದು. ಅಲ್ಲಿಯವರೆಗೆ ಅಪ್ಪನ ಆಶ್ರಯದಲ್ಲಿದ್ದ ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಪ್ರೆಸ್ಸಿನ ಹೆಸರಿಗೆ ವರ್ಗವಾಯಿತು. ಕೆಲಸ ಹೋದರೆ ದೇಶವೂ ಹೋಗುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಮೊದಲ ವಾರ ಕೆಳಗೆ ಹೋದಾಗ ಅವರು ತಲೆ ಎತ್ತದೆ ಕೇಳಿದರು. "ಕನ್ನಡ ಬರ್ತೈತಿ ಅಂತ ಹೇಳಿದ್ರು. ಓದಾಕೋ, ಬರೇ ಮಾತಾಡಾಕೋ?"

"ಓದಾಕೂ ಬರ್ತೈತ್ರಿ."

"ಇಂಗ್ಲಿಷು?"

"ಅದೂ ಬರ್ತೈತ್ರಿ."

"ಹಂಗಾರ ನಿನಗ ಒಂದ್ ಕೆಲಸ ಐತಿ," ಎಂದು ಮೇಜಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಪುಸ್ತಕವೊಂದನ್ನು ತೆಗೆದರು.

ಅದು ಹತ್ತೊಂಬತ್ತನೆಯ ಶತಮಾನದ ಒಬ್ಬ ಅಮೆರಿಕನ್ ಮುದ್ರಕನ ಜೀವನವನ್ನೂ ಅವನ ಕೆಲಸವನ್ನೂ ಕುರಿತ ಹಳೆಯ ಇಂಗ್ಲಿಷ್ ಪುಸ್ತಕ. ಯಾರೋ ವಿದೇಶಿಯರು ರಿಪೇರಿಗೆ ಕೊಟ್ಟು, ತಿರುಗಿ ಕೇಳದೆ ದೇಶ ಬಿಟ್ಟು ಹೋಗಿದ್ದರಂತೆ. ಕಾಕಾ ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದಿದ್ದರು. ಇಂಗ್ಲಿಷಿನ ಒಂದೊಂದು ಅಕ್ಷರವೂ ಅವರಿಗೆ ಗೊತ್ತಿತ್ತು. ಗದಗಿನಲ್ಲಿ ಸಾವಿರಾರು ಸಾಲು ಇಂಗ್ಲಿಷ್ ಜೋಡಿಸಿದ್ದರು, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಅರ್ಥ ಮಾತ್ರ ಗೊತ್ತಿರಲಿಲ್ಲ. "ಅಕ್ಷರ ಎಲ್ಲಾ ನನ್ನ ಗುರ್ತಿನವು. ಏನ್ ಮಾತಾಡ್ತಾವ ಅನ್ನೂದು ತಿಳಿಯೂದಿಲ್ಲ. ಆದ್ರ ಈ ಮನಷ್ಯಾ ಸಾಮಾನ್ಯದಾಂವ ಅಲ್ಲ. ಅವನ ಪುಟ ನೋಡು."

ಪುಸ್ತಕದ ನಡುವೆ ಆ ಮುದ್ರಕನು ಮಾಡಿದ ಪುಟಗಳ ಚಿತ್ರಗಳಿದ್ದವು. ನನಗೆ ಅವು ಬರೀ ಪುಟಗಳು. ಕಪ್ಪು ಅಕ್ಷರ, ಸುತ್ತ ಬಿಳಿ ಜಾಗ. ಕಾಕಾ ಒಂದೊಂದರ ಮೇಲೂ ಅಂಗೈ ಸವರುತ್ತ ಹೋದರು.

ಆವತ್ತಿನಿಂದ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಓದು. ನಾನು ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಕಣ್ಣಾಡಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಡಬ್ಬಿಯ ರೊಟ್ಟಿ ಮುರಿಯುತ್ತ ಕೇಳುತ್ತಿದ್ದರು. ಮುದ್ರಕನಿಗೆ ಅವರು ಇಟ್ಟ ಹೆಸರು ಅಮೆರಿಕಾದ ಅಜ್ಜ. ಅಜ್ಜನ ಕಾಲದ ಪುಸ್ತಕಗಳಲ್ಲಿ ಅಕ್ಷರಗಳು ತೆಳ್ಳಗೆ, ಬೂದಿಯ ಬಣ್ಣದಲ್ಲಿ, ಒಂದರ ಮೇಲೊಂದು ಬಿದ್ದಂತೆ ಇರುತ್ತಿದ್ದವು. ಅಜ್ಜ ಅದಕ್ಕೆ ಒಪ್ಪಲಿಲ್ಲ. ಓದುವವನ ಕಣ್ಣು ನೋಯಬಾರದು ಎಂಬುದೇ ಅವನ ಹಟ. ಒಂದು ಹಾಳೆಯಲ್ಲಿ ಮಸಿ ತೆಳುವಾಗಿ ಬಿದ್ದರೆ ಇಡೀ ಮಷಿನ್ ನಿಲ್ಲಿಸುತ್ತಿದ್ದ. ಕಾಗದವನ್ನು ನೀರಿನಲ್ಲಿ ಹದವಾಗಿ ನೆನೆಸಿ, ಒತ್ತಿಟ್ಟು, ಆಮೇಲೆ ಅಚ್ಚಿಗೆ ಹಾಕುತ್ತಿದ್ದ.

ಒಪ್ಪಿಗೆಯಾಗದ ಮಾತು ಬಂದರೆ ಕಾಕಾ ರೊಟ್ಟಿ ಹಿಡಿದ ಕೈಯನ್ನೇ ಎತ್ತುತ್ತಿದ್ದರು. "ನಿಲ್ಲು ನಿಲ್ಲು. ಕಾಗದ ನೆನಸ್ತಿದ್ನಾ? ಇಲ್ಲಿ ಬಂದು ನೆನಸ್ಲಿ ನೋಡೂಣು. ಜೂನ್ ತಿಂಗಳದಾಗ ನೆನಸಿ ಈ ಕಡೆ ತಿರುಗೂದ್ರಾಗ ಹಪ್ಪಳ ಆಗಿರ್ತೈತಿ."

ಇನ್ನೊಂದು ದಿನ ಪುಟದ ಅಂಚುಗಳ ವಿಷಯ ಬಂತು. ಅಕ್ಷರದ ಸುತ್ತ ಬಿಡುವ ಬಿಳಿ ಜಾಗ ಹೊಲಿಗೆ ಬೀಳುವ ಬೆನ್ನಿನ ಕಡೆ ಎಲ್ಲಕ್ಕಿಂತ ಕಡಿಮೆ, ಮೇಲೆ ಅದಕ್ಕಿಂತ ಹೆಚ್ಚು, ಹೊರಗೆ ಇನ್ನೂ ಹೆಚ್ಚು, ಕೆಳಗೆ ಎಲ್ಲಕ್ಕಿಂತ ಹೆಚ್ಚು ಇರಬೇಕು. ಪುಸ್ತಕ ತೆರೆದಾಗ ಎರಡು ಪುಟಗಳು ಒಂದಕ್ಕೊಂದು ಆತುಕೊಂಡಂತೆ ಕಾಣಬೇಕು. ಹಿಡಿದವನ ಹೆಬ್ಬೆರಳಿಗೆ ಕೆಳಗೆ ಜಾಗ ಬೇಕು. ನಾನು ಹೇಳಿ ಮುಗಿಸಿದಾಗ ಕಾಕಾ ಊಟ ಬಿಟ್ಟು ಕೂತಿದ್ದರು. "ಗದಗದಾಗ ನಮ್ಮ ಮಾಲಕ ಇದನ್ನ ಹೇಳ್ತಿದ್ದ. ಯಾಕಂತ ಕೇಳಿದ್ರ ಬೈತಿದ್ದ. ನೋಡು, ಅಜ್ಜ ಬೈಲಾರದ ಹೇಳ್ಯಾನ."

ನಾವು ಒಬ್ಬರನ್ನೊಬ್ಬರು ಮನೆಯ ವಿಷಯ ಕೇಳುತ್ತಿರಲಿಲ್ಲ. ಅದು ನನಗೆ ಹಿತವಾಗಿತ್ತು, ಅವರಿಗೂ ಹಿತವಾಗಿತ್ತೆಂದು ತೋರುತ್ತದೆ. ಒಮ್ಮೆ ಮಾತ್ರ, ಅಕ್ಷರ ಜೋಡಿಸುವ ಯಂತ್ರ ಬಂದಾಗ ಅಜ್ಜನಂಥವರೂ ಅದನ್ನು ತಂದು ನಿಲ್ಲಿಸಿದರು, ಮೂವತ್ತು ವರ್ಷ ನಿಂತು ಕೆಲಸ ಮಾಡಿದ ಕಂಪೋಸಿಟರುಗಳು ಮನೆಗೆ ಹೋದರು ಎಂಬ ಭಾಗ ಓದಿದಾಗ, ಅವರು ಕೇಳಿದರು. "ಮನೀಗೆ ಹೋಗಿ ಏನ್ ಮಾಡಿದ್ರಂತ?"

"ಅದನ್ನ ಬರದಿಲ್ರಿ."

"ಬರೆಂಗಿಲ್ಲ," ಎಂದು ಡಬ್ಬಿ ಮುಚ್ಚಿದರು. ತಾವಾಗಿಯೇ ಮುಂದುವರಿಸಿದರು. "ಊರಾಗ ನನಗ ಮನಿ ಐತಿ. ಹೆಂಡತಿ ಅದಾಳ, ಮಗ ಅದಾನ. ಮೇಜಿಲ್ಲ. ನಮ್ಮ ಪ್ರೆಸ್ಸಿನ ಮೊಳಿ ಎಲ್ಲಾ ಕರಗಸಾಕ ಕೊಟ್ರು. ಇಲ್ಲಿ ಈ ಮೇಜು ಇರೂತನಕ ನಾನು."

ಅರವತ್ತು ದಾಟಿದ, ಡಿಗ್ರಿ ಇಲ್ಲದವರ ಇಕಾಮಾ ನವೀಕರಣ ಆಗ ಕಷ್ಟವಾಗಿತ್ತು. ಕಾಕಾ ಅರವತ್ತು ದಾಟಿದ್ದರು. ಮ್ಯಾನೇಜರ್ ಸಹಿ ಹಾಕಿ ಇವರು ಬೇಕೇ ಬೇಕು ಎಂದರೆ ಇನ್ನೊಂದು ವರ್ಷ, ಇಲ್ಲವೆಂದರೆ ವಿಮಾನ. ಆ ವರ್ಷ ಸಹಿ ಹಾಕುತ್ತೇನೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಕಾಗದಪತ್ರ ಓಡಾಡುತ್ತಿತ್ತು.

ಅದೇ ಸಮಯಕ್ಕೆ ಆ ಕನ್ನಡ ಪುಸ್ತಕ ಬಂತು.

ತಂದವರು ಕರಾವಳಿಯ ಒಬ್ಬ ಹಿರಿಯರು. ಇಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ, ಈಗ ರುಮೈಥಿಯಾದಲ್ಲಿ ಮಗನ ಮನೆಯಲ್ಲಿದ್ದವರು. ತಮ್ಮ ನೆನಪುಗಳನ್ನು ಬರೆದಿದ್ದರು. ಶುಕ್ರವಾರ ಸಂಜೆ ಊರಿನವರ ಸಭೆಯಲ್ಲಿ ಬಿಡುಗಡೆ. "ಚಂದ ಆಗ್ಬೇಕು ಮಾರಾಯ್ರೇ. ಕಡೇ ಅಧ್ಯಾಯ ನನ್ನ ಹೆಂಡತಿ ತೀರಿಕೊಂಡದ್ದು. ಅವಳಿಗೇ ಅರ್ಪಣೆ ಉಂಟು," ಎಂದು ಕಾಕಾನ ಕೈ ಹಿಡಿದು ಹೇಳಿ ಹೋದರು.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕುವೈತಿನಲ್ಲಿ ಕಾಕಾನ ಕೈಗೆ ಬಂದ ಮೊದಲ ಕನ್ನಡ ಪುಸ್ತಕ ಅದು. ಅವರು ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಂಟು ಬೇಡ, ದಾರದ ಹೊಲಿಗೆ. ಮಿರುಗುವ ಕಾಗದ ಬೇಡ. ಹೊದಿಕೆ ಬರೀ ಬಟ್ಟೆ. ಅಂಚುಗಳು ಅಜ್ಜನ ಅಳತೆಯಲ್ಲೇ ಇರಬೇಕು. ನಾಲ್ಕು ಥರದ ಕಾಗದ ತರಿಸಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಸದ್ದು ಕೇಳಿ ಒಂದನ್ನು ಆರಿಸಿದರು. "ಒಂದ್ ಪುಸ್ತಕ ತಂಗಿ. ಅಜ್ಜ ನೋಡಿದ್ರ ತಲಿ ದೂಗೂವಂಥಾದ್ದು ಒಂದ ಒಂದು. ಆಮ್ಯಾಲ ಕಳಿಸಿದ್ರೂ ನಾ ಏನೂ ಅನ್ನೂದಿಲ್ಲ."

ನಮ್ಮ ಪ್ರೆಸ್ಸಿನ ಹೆಚ್ಚಿನ ಕೆಲಸ ಅರಬ್ಬಿಯದು. ಅರಬ್ಬಿ ಪುಸ್ತಕ ಬಲದಿಂದ ತೆರೆಯುತ್ತದೆ. ಅದರ ಬೆನ್ನು ಬಲಕ್ಕಿರುತ್ತದೆ, ಪುಟಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಕನ್ನಡ, ಇಂಗ್ಲಿಷಿನವು ಇದಕ್ಕೆ ತಿರುಗುಮುರುಗು. ಹೀಗಾಗಿ ಜಾಬ್ ಕಾರ್ಡಿನ ಕೆಳಗೆ ಎರಡು ಸಣ್ಣ ಚೌಕಗಳಿದ್ದವು, ಬೈಂಡಿಂಗ್ ಬಲಕ್ಕೋ ಎಡಕ್ಕೋ ಎಂದು ಗುರುತು ಹಾಕಲು. ಅಚ್ಚಿನ ಪ್ಲೇಟಿನಲ್ಲಿ ಪುಟಗಳನ್ನು ಕೂರಿಸಿ ಅಂಚು ಬಿಡುವುದರಿಂದ ಹಿಡಿದು ರಟ್ಟು ಹಾಕುವವರೆಗೆ ಎಲ್ಲರೂ ಆ ಚೌಕವನ್ನು ನೋಡಿಯೇ ನಡೆಯುತ್ತಾರೆ.

ಆ ದಿನ ಬೆಳಗಿನಿಂದ ನಾನು ಹನ್ನೊಂದು ಕಾರ್ಡು ಬರೆದೆ. ಹತ್ತು ಅರಬ್ಬಿ. ಹನ್ನೊಂದನೆಯದು ಕನ್ನಡ. ಕೈ ತನ್ನಷ್ಟಕ್ಕೆ ಬಲದ ಚೌಕಕ್ಕೆ ಹೋಯಿತು. ಕೈ ಎಂದು ಬರೆದೆ. ಗುರುತು ಹಾಕಿದ್ದು ನಾನು.

ಪ್ರತಿ ಕಾರ್ಡಿಗೂ ಬೈಂಡಿಂಗ್ ವಿಭಾಗದ ಹಿರಿಯರ ಸಹಿ ಆಗಬೇಕು. ಕಾಕಾ ಕಾರ್ಡನ್ನು ದೂರ ಹಿಡಿದರು, ಆಮೇಲೆ ಹತ್ತಿರ ತಂದರು. "ನೀ ಬರದಿದ್ದಲ್ಲ, ಸರೀನ ಇರ್ತೈತಿ ಬಿಡು," ಎಂದು ಸಹಿ ಮಾಡಿದರು. ಗೆರೆಯ ಮೇಲಲ್ಲ, ಒಂದು ಬೆರಳಿನಷ್ಟು ಕೆಳಗೆ. ಅದನ್ನು ನಾನು ಗಮನಿಸಿದೆ. ಏನೂ ಯೋಚಿಸಲಿಲ್ಲ.

ಮುಂದಿನ ನಾಲ್ಕು ದಿನ ಅವರಿಗೆ ಪ್ರೆಸ್ಸಿಗೆ ಬರಲಾಗಲಿಲ್ಲ. ಇಕಾಮಾಕ್ಕೆ ಬೆರಳಚ್ಚು ಕೊಡಬೇಕಿತ್ತು. ಕಾಗದವೂ ಅಂಟೂ ಸೇರಿ ಅವರ ಬೆರಳ ತುದಿಯ ಗೆರೆಗಳನ್ನು ಅಳಿಸಿಹಾಕಿದ್ದವು. ಮಷಿನ್ ಪ್ರತಿ ಸಲ ಕೆಂಪು ದೀಪ ತೋರಿಸುತ್ತಿತ್ತಂತೆ. ನಾಳೆ ಬನ್ನಿ ಎಂದರು, ಆಮೇಲೆ ಜಹ್ರಾದ ಇನ್ನೊಂದು ಕೇಂದ್ರಕ್ಕೆ ಹೋಗಿ ಎಂದರು. ಪುಸ್ತಕದ ಕೆಲಸ ಅವರು ಬರುವವರೆಗೆ ಕಾಯಬೇಕಿತ್ತು. ಆದರೆ ಶುಕ್ರವಾರ ಹತ್ತಿರ ಬರುತ್ತಿತ್ತು. ಮ್ಯಾನೇಜರ್ "ಯಲ್ಲಾ", ಬೇಗ ನಡೆಯಲಿ, ಅಂದರು. ಕೆಳಗಿನವರು ಕಾರ್ಡು ನೋಡಿ ಅಚ್ಚು ಹಾಕಿದರು, ಮಡಿಸಿದರು, ಹೊಲಿದರು, ರಟ್ಟು ಹಾಕಿದರು. ಐನೂರು ಪ್ರತಿ. ಕನ್ನಡ ಓದಲು ಬರುವವರು ಆ ಕಟ್ಟಡದಲ್ಲಿ ಇಬ್ಬರೇ. ಒಬ್ಬರು ಜಹ್ರಾದಲ್ಲಿ ಸಾಲಿನಲ್ಲಿ ನಿಂತಿದ್ದರು. ಇನ್ನೊಬ್ಬಳು ಮೇಲಿನ ಮಹಡಿಯಲ್ಲಿ ಕೂತು ಇನ್ನೊಂದು ಕಾರ್ಡು ಬರೆಯುತ್ತಿದ್ದಳು.

ಬುಧವಾರ ಮಧ್ಯಾಹ್ನ ಕಾಕಾ ಬಂದರು. ನಾನು ಯಾವುದಕ್ಕೋ ಕೆಳಗೆ ಇಳಿದಿದ್ದೆ. ಅವರು ಒಂದು ಪ್ರತಿ ಎತ್ತಿಕೊಂಡು ಬಟ್ಟೆಯ ಹೊದಿಕೆಯನ್ನು ಸವರಿದರು. ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ತೆರೆದರು. ಮುಚ್ಚಿದರು. ಮಗುಚಿ ಇನ್ನೊಂದು ಕಡೆಯಿಂದ ತೆರೆದರು. ಆಮೇಲೆ ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟರು.

"ತಂಗಿ, ಕಾರ್ಡು ತಾ."

ತಂದೆ.

"ಟಿಕ್ ಎಲ್ಲಿ ಐತಿ? ಓದಿ ಹೇಳು."

ಕಾರ್ಡು ಅವರ ಕೈಯಲ್ಲೇ ಇತ್ತು. ನನ್ನ ತಪ್ಪು ಏನೆಂದು ಆಗ ತಿಳಿಯಿತು. ಅವರ ಕಣ್ಣಿಗೆ ಆ ಚೌಕ ಕಾಣುತ್ತಿಲ್ಲ ಎಂಬುದೂ ಅದೇ ಕ್ಷಣದಲ್ಲಿ ತಿಳಿಯಿತು.

ಲೇಖಕರು ಅದೇ ಹೊತ್ತಿಗೆ ಪುಸ್ತಕ ನೋಡಲು ಬಂದರು. ಜೊತೆಗೆ ಮ್ಯಾನೇಜರ್. ಮುದುಕರು ಆಸೆಯಿಂದ ತೆರೆದು, ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡರು. "ಇದೆಂತದು ಮಾರಾಯ್ರೇ? ನನ್ನ ಕಥೆ ಹೆಂಡತಿ ಸತ್ತಲ್ಲಿಂದ ಶುರುವಾಗಿ ನಾನು ಹುಟ್ಟುವಲ್ಲಿಗೆ ಹೋಗ್ತಾ ಉಂಟಲ್ಲ!" ಎಂದು ನಕ್ಕರು. ನಗು ಅರ್ಧಕ್ಕೆ ನಿಂತಿತು.

ಮ್ಯಾನೇಜರ್ ಹಿಂದಿಯಲ್ಲಿ ಕೇಳಿದರು, ಯಾರ ತಪ್ಪು ಇದು?

"ನಂದು," ಎಂದರು ಕಾಕಾ, ತಮ್ಮ ಹರುಕು ಹಿಂದಿಯಲ್ಲಿ. "ಬಲಕ್ಕೆ ಬರಿ ಎಂದು ಈ ಹುಡುಗಿಗೆ ನಾನೇ ಹೇಳಿದೆ."

"ಕಾಕಾ, ನೀವಾ? ನಿಮ್ಮದೇ ಭಾಷೆಯ ಪುಸ್ತಕ?"

"ಬುಡ್ಢಾ ಹೋ ಗಯಾ, ಸಾಬ್."

ನಾನು ಬಾಯಿ ತೆರೆದೆ. ಕಾಕಾ ನನ್ನತ್ತ ನೋಡಲಿಲ್ಲ. ನಾನು ಬಾಯಿ ಮುಚ್ಚಿದೆ. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅವರ ಮೇಜಲ್ಲ, ನನ್ನ ಪಾಸ್‌ಪೋರ್ಟು.

ಸಭೆಗೆ ಅರವತ್ತು ಪ್ರತಿಯಾದರೂ ಬೇಕೆಂದು ಲೇಖಕರು ಕೇಳಿಕೊಂಡರು. ಒಂದೇ ದಾರಿ ಇತ್ತು. ಹೊಲಿದ ಬೆನ್ನನ್ನು ಕತ್ತರಿಸಿ, ಹಾಳೆಗಳನ್ನು ಬಿಡಿಬಿಡಿ ಮಾಡಿ, ಇನ್ನೊಂದು ಮಗ್ಗುಲಿಗೆ ಅಂಟು ಹಾಕಿ ಕೂಡಿಸುವುದು. ಕಾಕಾ ಅದನ್ನೇ ಮಾಡಿದರು. ತಾವು ಆರಿಸಿದ ದಾರವನ್ನು ತಾವೇ ಕತ್ತರಿಸಿದರು. ಅಗಲವಾಗಿ ಬಿಟ್ಟಿದ್ದ ಹೊರ ಅಂಚು ಈಗ ಬೆನ್ನೊಳಗೆ ಹೋಗಿ ಅಡಗಿತು. ಕಿರಿದಾದ ಒಳ ಅಂಚು ಕತ್ತರಿಗೂ ಸಿಕ್ಕಿ ಹೊರಗೆ ಬಂತು. ಸಾಲುಗಳು ಪುಟದ ತುದಿಯಿಂದ ಬಿದ್ದುಹೋಗುವಂತೆ ಕಾಣುತ್ತಿದ್ದವು.

ಗುರುವಾರ ಇಡೀ ದಿನ ನಾನು ಅವರ ಮೇಜಿನ ಹತ್ತಿರ ನಿಂತು ಹಾಳೆಗಳನ್ನು ಕ್ರಮವಾಗಿ ಜೋಡಿಸಿ ಕೊಟ್ಟೆ.

"ಕಾಕಾ, ನಾ ಹೋಗಿ ಹೇಳ್ತೀನ್ರಿ."

"ಏನಂತ?"

"ಟಿಕ್ ಹಾಕಿದಾಕಿ ನಾನು ಅಂತ."

"ಆಮ್ಯಾಲ? ಸಹಿ ಯಾರ್ದು ಅಂತ ಕೇಳ್ತಾರ. ನೋಡಲಾರದ ಹೆಂಗ ಮಾಡಿದಿ ಅಂತಾರ. ಕಣ್ಣಾಗ ಪೊರಿ ಬಂದೈತಿ, ವರ್ಷಾತು, ಮುಚ್ಚಿಟ್ಟೀನಿ ಅಂತ ಹೇಳ್ಲ್ಯಾ?" ಬ್ರಷ್ಷನ್ನು ಅಂಟಿನ ಡಬ್ಬಿಗೆ ಅದ್ದಿದರು. "ಕಣ್ಣಿಲ್ಲದ ಬೈಂಡರ್ ಅನ್ನಿಸಿಕೊಳ್ಳೂದಕ್ಕಿಂತ ತಪ್ಪು ಮಾಡಿದ ಬೈಂಡರ್ ಅನ್ನಿಸಿಕೊಳ್ಳೂದು ಛಲೋ. ತಪ್ಪು ಒಂದ್ ದಿನದ್ದು. ಊರಾಗ ಯಾರಾರ ಕೆಲಸ ಕೊಟ್ಟಾರು."

"ಆದ್ರೂ..."

"ನನ್ನ ಕಾಗದ ಹೆಂಗೂ ಈ ವರ್ಷ ಇಲ್ಲಾ ಮುಂದಿನ ವರ್ಷ. ಇಬ್ಬರೂ ಯಾಕ ಹೋಗೂದು? ಮಾತಾಡಬ್ಯಾಡ. ನಲವತ್ತೇಳನೇ ಪುಟ ಎಲ್ಲಿ ಐತಿ, ನೋಡು."

ಮ್ಯಾನೇಜರ್ ಸಹಿ ಹಾಕಲಿಲ್ಲ. "ಖಲಾಸ್ ಕಾಕಾ, ಊರಿಗೆ ಹೋಗಿ ಆರಾಮಾಗಿರಿ," ಎಂದರು. ತಿಂಗಳೊಳಗೆ ಕಾಕಾ ಹೊರಟರು. ಕೊನೆಯ ದಿನ ಮೇಲೆ ಬಂದು ನನ್ನ ಮೇಜಿನ ಮುಂದೆ ನಿಂತರು. "ಕಾರ್ಡು ಬರಿಯೂ ಮುಂದ ಒಂದ್ ಸಲ ಪುಸ್ತಕ ಕೈಯಾಗ ಹಿಡದಂಗ ಮಾಡಿ ನೋಡು. ಯಾವ ಕೈ ಪುಟ ತಿರುವ್ತೈತಿ ಅಂತ. ಆಮ್ಯಾಲ ಬರಿ." ಅಜ್ಜನ ಪುಸ್ತಕದಲ್ಲಿ ಎರಡು ಅಧ್ಯಾಯ ಉಳಿದಿದ್ದವು. ಅವರು ಅದನ್ನು ತಮ್ಮೊಡನೆ ಒಯ್ದರು. ಅದೇ ಪುಸ್ತಕ ಗ್ರಂಥಾಲಯದಲ್ಲಿ ಹುಡುಕಿ ಫೋನಿನಲ್ಲಿ ಓದಿ ಹೇಳುತ್ತೇನೆ ಎಂದೆ. ಹುಡುಕಲಿಲ್ಲ.

ಬಿಡುಗಡೆಯ ಸಭೆಯಲ್ಲಿ ಲೇಖಕರು ತಮ್ಮ ಪುಸ್ತಕ ಉಲ್ಟಾ ಆದದ್ದನ್ನು ತಮಾಷೆಯಾಗಿ ಹೇಳಿ ನಗಿಸಿದ್ದರಂತೆ. ಅವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಆದರೆ ಯಾರೋ ಉಳಿದಿದ್ದ ಉಲ್ಟಾ ಪ್ರತಿಯೊಂದರ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರು. "ಅರಬರ ನಾಡಿನಲ್ಲಿ ಅರಬ್ಬಿಯಾದ ಕನ್ನಡ" ಎಂಬ ತಲೆಬರಹ. ಅದು ಗುಂಪಿನಿಂದ ಗುಂಪಿಗೆ ಹೋಗುತ್ತ, "ನಮ್ಮ ಗದಗಿನ ಬೈಂಡರನ ಪ್ರತಾಪ" ಎಂಬ ಸಾಲನ್ನೂ ಹೊತ್ತುಕೊಂಡಿತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ನಗುತ್ತ ಫೋನು ತೋರಿಸಿದರು. "ಇದು ನಿಮ್ಮ ಪ್ರೆಸ್ಸಿಂದ ಅಲ್ಲೇನ?"

"ಹೌದು," ಎಂದೆ. ಊಟ ಮುಗಿಸಿದೆ.

ಮೂರು ತಿಂಗಳ ಮೇಲೆ ಧೈರ್ಯ ಮಾಡಿ ಕಾಕಾನಿಗೆ ಫೋನು ಮಾಡಿದೆ. ಅವರ ಹೆಂಡತಿ ಎತ್ತಿದರು.

"ಅವರು ಯಾರ ಕೂಡಾನೂ ಮಾತಾಡೂದಿಲ್ಲ ಯವ್ವಾ. ಬಂದ ಹೊಸದಾಗಿ ಕೆಲಸ ಕೇಳಾಕ ಒಂದ್ ಪ್ರೆಸ್ಸಿಗೆ ಹೋಗಿದ್ರು. ಅಲ್ಲಿ ಮಾಲಕ ಫೋನಿನಾಗಿಂದು ಫೋಟೊ ತೋರಿಸಿ, 'ಯಾಕ ಕಾಕಾ, ನಮ್ಮ ಪುಸ್ತಕಾನೂ ಉಲ್ಟಾ ಕಟ್ಟಾಂವಿದ್ದೀಯೇನು?' ಅಂತ ಮಂದಿ ಮುಂದ ನಕ್ಕನಂತ. ಅವತ್ತಿಂದ ಹೊಸ್ತಿಲಾ ದಾಟಿಲ್ಲ. ಕಣ್ಣಿನ ಆಪರೇಶನ್ ಮಾಡಸೂಣು ಅಂದ್ರ, ನೋಡೂದೇನೈತಿ ಅಂತಾರ." ಅವರ ದನಿ ತಗ್ಗಿತು. "ನೀ ಅಲ್ಲೇ ಇದ್ದೆಲ್ಲ. ಅಂಥಾ ಕೆಲಸಗಾರ ಹಿಂಗ್ಯಾಕ ಮಾಡ್ಕೊಂಡ್ರು? ಏನಾಗಿತ್ತು ಅವರಿಗೆ ಅವತ್ತು?"

"ನನಗ ಗೊತ್ತಿಲ್ರಿ," ಎಂದೆ.

ಈ ಎರಡು ಪದಗಳನ್ನು ಯಾರೂ ನನ್ನ ಬಾಯಿಂದ ಹೊರಡಿಸಲಿಲ್ಲ. ಎದುರಿಗೆ ಮ್ಯಾನೇಜರ್ ಇರಲಿಲ್ಲ, ಇಕಾಮಾ ಹೋಗುವ ಭಯವಿರಲಿಲ್ಲ. ಗದಗಿನ ಒಬ್ಬ ಹೆಂಗಸು ತನ್ನ ಗಂಡನ ಬಗ್ಗೆ ಕೇಳಿದ್ದರು, ಅಷ್ಟೇ. ಪ್ರೆಸ್ಸಿನಲ್ಲಿ ಸುಮ್ಮನಿದ್ದದ್ದಕ್ಕೆ ಕಾಕಾ ನನಗೆ ಕಾರಣ ಕೊಟ್ಟು ಹೋಗಿದ್ದರು. ಇದಕ್ಕೆ ನನ್ನ ಹತ್ತಿರ ಕಾರಣವಿಲ್ಲ.

ಆಮೇಲೆ ನಾನು ಫೋನು ಮಾಡಲಿಲ್ಲ. ಕಾರ್ಡುಗಳನ್ನು ಅವರು ಹೇಳಿಕೊಟ್ಟಂತೆಯೇ ಬರೆಯುತ್ತಿದ್ದೆ. ತಪ್ಪಾಗಲಿಲ್ಲ. ಒಳ್ಳೆಯ ಕೆಲಸಗಾರ್ತಿ ಎಂದು ಹೆಸರು ಬಂತು, ನನ್ನ ಇಕಾಮಾ ಎರಡು ವರ್ಷಕ್ಕೆ ನವೀಕರಣವಾಯಿತು. ಕೆಳಗೆ ಅವರ ಮೇಜನ್ನು ಗೋಡೆಗೆ ಸರಿಸಿ ಅದರ ಮೇಲೆ ಕಾಗದದ ಕಟ್ಟುಗಳನ್ನು ಪೇರಿಸಿದರು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಅವರ ಮಗನ ಸಂದೇಶ ಬಂತು. "ಅಪ್ಪಾ ನಿನ್ನೆ ಮುಂಜಾನೆ ತೀರಿಕೊಂಡರು. ಎಲ್ಲಾ ಕಾರ್ಯ ಆತು. ನಿಮ್ಮ ನಂಬರ್ ಅವರ ಫೋನಿನಾಗ ಇತ್ತು, ಅದಕ್ಕ ತಿಳಿಸೀನಿ." ಏನಾಗಿತ್ತು ಎಂದು ಕೇಳಿದೆ. "ಏನೂ ಆಗಿರಲಿಲ್ಲರಿ. ಉಣ್ಣೂದು ಬಿಟ್ಟಿದ್ರು."

ಆ ದಿನ ಇನ್ನೂ ನಾಲ್ಕು ಕಾರ್ಡು ಉಳಿದಿದ್ದವು. ಬರೆದು ಮುಗಿಸಿ ಬಸ್ಸಿನಲ್ಲಿ ಮನೆಗೆ ಬಂದೆ. ಮನೆಯಲ್ಲಿ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು ಆ ಮಗನ ನಂಬರಿಗೆ ಫೋನು ಮಾಡಿ, ಅವರ ತಾಯಿಯನ್ನು ಕೇಳಿದೆ.

"ಕಾಕೂ, ಆ ಪುಸ್ತಕ ಉಲ್ಟಾ ಆಗಿದ್ದು ನನ್ನ ತಪ್ಪಿನಿಂದ್ರಿ. ಬಲಕ್ಕ ಅಂತ ಬರದಾಕಿ ನಾನು. ಕಾಕಾ ನನ್ನ ಉಳಸಾಕ ತಮ್ಮ ಮ್ಯಾಲ ಹಾಕ್ಕೊಂಡ್ರು. ಅವತ್ತ ನೀವು ಕೇಳಿದಾಗ ನಾ ಸುಳ್ಳು ಹೇಳಿದೆ."

ಆ ಕಡೆ ಗಂಡಸರ ಮಾತು, ಲೋಟಗಳ ಸದ್ದು ಕೇಳಿಸುತ್ತಿತ್ತು.

"ಅದು ಅವರಿಗೆ ಗೊತ್ತಿತ್ತೇನು?"

"ಗೊತ್ತಿತ್ರಿ."

"ನನ್ನ ಮುಂದೂ ಹೇಳಲಿಲ್ಲ ನೋಡು," ಎಂದರು. ಅದು ನನಗೆ ಹೇಳಿದ್ದಲ್ಲ. ಆಮೇಲೆ ದನಿ ಗಟ್ಟಿಯಾಯಿತು. "ಇಲ್ಲಿ ಪಡಸಾಲ್ಯಾಗ ಮಂದಿ ಕೂತಾರ. ಅವತ್ತ ನಕ್ಕಾಂವನೂ ಬಂದು ಕೂತಾನ. ಸ್ಪೀಕರ್ ಹಚ್ಚಿ ಫೋನು ನಡುವ ಇಡ್ತೀನಿ. ಈಗ ನನಗ ಹೇಳಿದ್ದನ್ನ ಇನ್ನೊಮ್ಮೆ ಹೇಳು. ನೀ ಯಾರಾಕಿ ಅಂತ ಹೆಸರು ಹೇಳಿ ಹೇಳು."

ಫೋನು ಎಲ್ಲೋ ಇಟ್ಟ ಸದ್ದಾಯಿತು. ಮಾತುಗಳು ಒಂದೊಂದಾಗಿ ನಿಂತವು.

"ಹೂಂ, ಹೇಳವಾ," ಎಂದರು ದೂರದಿಂದ.

ನನ್ನ ಹೆಸರು ಹೇಳಿದೆ. ಅಪ್ಪನ ಹೆಸರು, ನಮ್ಮ ಊರು ಹೇಳಿದೆ. ಉಳಿದದ್ದನ್ನು ಮೊದಲಿನಿಂದ ಹೇಳತೊಡಗಿದೆ. ಮೇಲಿನ ಮಹಡಿಯ ಮಕ್ಕಳು ಶಾಲೆಯ ಬ್ಯಾಗು ಹೊತ್ತು ಇಳಿದು ಬಂದರು, ಅವರ ಹಿಂದೆ ಅವರಮ್ಮ. ಗೋಡೆಗೆ ಸರಿದು ದಾರಿ ಬಿಟ್ಟೆ. ದನಿ ತಗ್ಗಿಸಲಿಲ್ಲ.